ಸ್ಕ್ರೂ ಸುತ್ತಿನ ಕಪ್ಪು ಗೆರೆ

ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಪಕ್ಕದ ಸಣ್ಣ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಟೆಕ್ನಿಷಿಯನ್ ಕಾಂಚನಾ ಆಗಲೇ ಸೀಸದ ಏಪ್ರನ್ ತೊಟ್ಟು ಸಿದ್ಧರಾಗಿದ್ದಾರೆ. ಮೇಜಿನ ಮೇಲಿರುವುದು ರೋಗಿಯಲ್ಲ, ನೀರು ತುಂಬಿದ ಎರಡು ಪ್ಲಾಸ್ಟಿಕ್ ಡಬ್ಬಿ. ಒಂದೊಂದರಲ್ಲೂ ಮಟನ್ ಅಂಗಡಿಯಿಂದ ತಂದ ಒಂದೊಂದು ಕುರಿ ಮೂಳೆ. ಒಂದು ಮೂಳೆಗೆ ಸ್ಕ್ರೂ ಗಟ್ಟಿಯಾಗಿ ಬಿಗಿದಿದ್ದಾರೆ, ಇನ್ನೊಂದಕ್ಕೆ ಬೇಕೆಂದೇ ಸಡಿಲ ಬಿಟ್ಟಿದ್ದಾರೆ.

ಈ ಮೂಳೆಗಳ ಮೇಲೆ ಇಂದು ಹಮಾಲಿ ಮಾಪಣ್ಣನ ಕಾಲು ನಿಂತಿದೆ. ಹಳೆಯ ಅಪಘಾತವೊಂದರಲ್ಲಿ ಮುರಿದ ಅವನ ಕಾಲಿಗೆ ಲೋಹದ ಪಟ್ಟಿ, ಸ್ಕ್ರೂ ಹಾಕಿದ್ದಾರೆ. ಹೋದ ವಾರ ನೋವೆಂದು ಬಂದಾಗ ಎಕ್ಸ್-ರೇಯಲ್ಲಿ ಸ್ಕ್ರೂ ಸುತ್ತ ಕಪ್ಪು ಗೆರೆ ಕಂಡಿತು, ಸ್ಕ್ರೂ ಸಡಿಲಾದಾಗ ಮೂಡುವಂಥದ್ದು. ಸ್ಕ್ರೂ ಸಡಿಲವಾಗಿದ್ದರೆ ಮತ್ತೆ ಕೊಯ್ಯಬೇಕು, ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲ. ಅಷ್ಟರಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ.

ಕಾಂಚನಾಗೆ ಆ ಗೆರೆಯ ಮೇಲೇ ಗುಮಾನಿ. ಚಿತ್ರ ಚುರುಕಾಗಿ ಕಾಣಲೆಂದು ಕಂಪ್ಯೂಟರು ಅಂಚುಗಳನ್ನು ತಿದ್ದುತ್ತದೆ. ಇಲ್ಲಿ ಆ ತಿದ್ದುವಿಕೆಯನ್ನು ಯಾವಾಗಲೋ ತುತ್ತತುದಿಗೆ ಏರಿಸಿಟ್ಟಿದ್ದಾರೆ. ರೋಗಿಗಳು ಬೆಳಕಿಗೆ ಹಿಡಿದು ‘ಏಕದಂ ಕ್ಲಿಯರ್’ ಎಂದು ಮೆಚ್ಚುವುದರಿಂದ ಇಳಿಸುವ ಗೋಜಿಗೆ ಯಾರೂ ಹೋಗಿಲ್ಲ. ಆದರೆ ಅತಿಯಾದರೆ ಅದು ಲೋಹದ ಸುತ್ತ ಕಣ್ಣಿಗೆ ಕಾಡಿಗೆ ಹಚ್ಚಿದಂತೆ ತಾನೇ ಕಪ್ಪು ಬಳಿಯುತ್ತದೆ.

“ಅಂಚು ಕಂಡ್ರ ಸಾಕ್ರಿ, ಮಷೀನು ಬಾಜೂಕ ಕರಿ ಗೆರಿ ಎಳೀತದ,” ಎನ್ನುತ್ತಾರೆ ಕಾಂಚನಾ. “ಹಂಗಂತ ಮಾಪಣ್ಣ ಕಾಕಾನ ಗೆರಿ ಸುಳ್ಳಂತ ಹೆಂಗ ಹೇಳ್ಲಿ? ಖರೇನೂ ಇರಬಹುದಲ್ಲ. ಅದಕ್ಕ ಈ ಎಲುಬು ತಂದೀನಿ.”

ಕಲಬುರಗಿಯಿಂದ ಬಂದ ಕಾಂಚನಾರ ತಾಯಿ ಚಂದ್ರಬಾಯಿ ರಬಾಳೆಯ ಕಾರ್ಖಾನೆಗಳಿಗೆ ಇಟ್ಟಿಗೆ ಹೊತ್ತವರು. ಮಗಳು ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುತ್ತಲೇ ಟೆಕ್ನಿಷಿಯನ್ ಕೋರ್ಸ್ ಮುಗಿಸಿದರು. ಈಗ ದಿನವೂ ರಬಾಳೆಯಿಂದ ಪನ್ವೇಲ್ ಲೋಕಲ್ ರೈಲು, ಆಮೇಲೆ ಶೇರ್ ರಿಕ್ಷಾ. ಜಜ್ಜಿದ ಬೆರಳು, ಮುರಿದ ಮುಂಗೈ ಹಿಡಿದು ದಿನಕ್ಕೆ ಐವತ್ತು ಜನರಾದರೂ ಬರುತ್ತಾರೆ. ಏಪ್ರನ್ ಭಾರಕ್ಕೆ ಸೊಂಟ ಸೋತಿದೆ, ಒಳಗೆ ಬೆಲ್ಟ್ ಬಿಗಿದುಕೊಳ್ಳುತ್ತಾರೆ. ಬರುವ ರೋಗಿಗಳಾರಿಗೂ ಅವರ ಹೆಸರು ಗೊತ್ತಿಲ್ಲ. ಎಲ್ಲರಿಗೂ ಅವರು ‘ಫೋಟೋವಾಲಿ ತಾಯಿ’.

ಮೂಳೆ ಡಾಕ್ಟರ್ ಶ್ರದ್ಧಾ ಸಾನಪಾಡಾದಿಂದ ಬಂದು ಕುರ್ಚಿ ಎಳೆದುಕೊಳ್ಳುತ್ತಾರೆ. ಕರಾವಳಿಯ ಹೋಟೆಲಿನವರ ಮನೆಮಗಳು, ಮಾತು ನೇರ. “ಯಾವುದು ಬಿಗಿ, ಯಾವುದು ಸಡಿಲ ಅಂತ ನನಗೆ ಹೇಳ್ಬೇಡ ಮಾರಾಯ್ತಿ. ಗೊತ್ತಾದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡ್ತದೆ.”

ಕಾಂಚನಾ ಎರಡೂ ಮೂಳೆಗಳ ಎಕ್ಸ್-ರೇ ತೆಗೆದು, ಚಿತ್ರಗಳನ್ನು ಅದಲುಬದಲು ಮಾಡಿ ತೋರಿಸುತ್ತಾರೆ. ತಿದ್ದುವಿಕೆ ತುದಿಯಲ್ಲಿದ್ದಾಗ ಡಾಕ್ಟರು ಎರಡೂ ಸ್ಕ್ರೂ ಸಡಿಲ ಎನ್ನುತ್ತಾರೆ. ಇಳಿಸುತ್ತ ಹೋದಂತೆ ಬಿಗಿದ ಸ್ಕ್ರೂವಿನ ಗೆರೆ ಸವೆದು ಮಾಯವಾಗುತ್ತದೆ, ಸಡಿಲ ಬಿಟ್ಟದ್ದರ ಗೆರೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ತೀರಾ ಕೆಳಗಿಳಿಸಿದರೆ ಪರೀಕ್ಷೆಗೆಂದೇ ಡಬ್ಬಿಗೆ ಅಂಟಿಸಿದ ಕೂದಲೆಳೆಯಂಥ ತಂತಿಗಳೂ ಕಾಣದಾಗುತ್ತವೆ. ಹಾಗಾದರೆ ಸಣ್ಣ ಬಿರುಕುಗಳೂ ತಪ್ಪಿಹೋಗುತ್ತವೆ. ಕೊನೆಗೆ ತಂತಿಯೂ ಕಾಣುವ, ಸುಳ್ಳು ಗೆರೆಯೂ ಮೂಡದ ಒಂದು ಹದ ಸಿಗುತ್ತದೆ.

ಇನ್ನು ಮಾಪಣ್ಣನ ಸರದಿ. ಹೊಸ ಎಕ್ಸ್-ರೇ ಬೇಕಿಲ್ಲ, ಹೋದ ವಾರದ್ದನ್ನೇ ಆ ಹದಕ್ಕೆ ತಂದರೆ ಸಾಕು. ಕಾಂಚನಾ ಗುಂಡಿ ಒತ್ತುತ್ತಾರೆ. ಗೆರೆ ಇಲ್ಲ! ಡಾಕ್ಟರು ಮಾಪಣ್ಣನನ್ನು ಒಳಗೆ ಕರೆದು ಕಾಲನ್ನು ಒತ್ತಿ, ತಿರುಗಿಸಿ, ರಕ್ತದ ವರದಿಯನ್ನೂ ನೋಡಿ ಸ್ನಾಯು ಎಳೆದಿದೆ, ಆಪರೇಷನ್ ಬೇಡ, ನಾಲ್ಕು ದಿನ ಹಗುರ ಕೆಲಸ ಮಾಡು ಎನ್ನುತ್ತಾರೆ.

ಮಾಪಣ್ಣನಿಗೆ ಮಾತ್ರ ಹೊಸ ಚಿತ್ರ ಮನಸ್ಸಿಗೆ ಬಂದಿಲ್ಲ. “ಮದಲಿನ ಫೋಟೋನೇ ಛಂದಿತ್ತಲ್ಲ ಯವ್ವಾ, ಇದು ಮಬ್ಬು ಕಾಣ್ತದ.”

“ಆ ಛಂದಕ್ಕೇ ನಿಮ್ಮ ಕಾಲು ಕೊಯ್ಲಿಕ್ಕ ಹೊಂಟಿದ್ರು ಕಾಕಾ!” ಕಾಂಚನಾ ಮನಸಾರೆ ನಗುತ್ತಾರೆ.

ಏನು ಬೇಕು ನಿಮಗೆ ಎಂದು ಕೇಳಿದರೆ ಕಾಂಚನಾ ಸಂಕೋಚದಿಂದ ಸೆರಗು ತಿರುವುತ್ತಾರೆ. “ನಾ ರಜಾ ಹಾಕಿದಾಗ ಯಾರೂ ಆ ಸೆಟ್ಟಿಂಗ್ ಮುಟ್ಟಬಾರದ್ರಿ, ಅಷ್ಟೇ.” ಹೊರಗೆ ಮಾಪಣ್ಣ ಮಾರುಕಟ್ಟೆಯ ಕಡೆ ಹೆಜ್ಜೆ ಹಾಕುತ್ತಿದ್ದಾನೆ. ಬಾಗಿಲಲ್ಲಿ ನಿಂತ ಕಾಂಚನಾರ ಕಣ್ಣು ಅವನ ಕಾಲಿನ ಮೇಲೇ ಇದೆ.

“ನೋಡ್ರಿ, ನಾ ತೆಗೆದ ಫೋಟೋ ನಡಕೋತ ಹೊಂಟದ.”