ಎರಡು ಆಂಪಿಯರ್, ಹನ್ನೊಂದು ತತ್ತಿ

ಮಸ್ಕಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಂಗಡಿ ಹೊಟ್ಟೆಪಾಡಿಗೆ, ಬೆಸುಗೆ ಕಡ್ಡಿ ಹುಚ್ಚಿಗೆ. ಆ ಹುಚ್ಚಿನಲ್ಲೇ ಥರ್ಮಾಕೋಲ್ ಡಬ್ಬಿಗೆ ಎರಡು ಬೈಕ್ ಬಲ್ಬು, ಒಂದು ಪುಟ್ಟ ಫ್ಯಾನು, ಶಾಖ ಅಳೆಯುವ ಬೋರ್ಡು ಜೋಡಿಸಿ ತತ್ತಿಗೆ ಕಾವು ಕೊಡುವ ಪೆಟ್ಟಿಗೆ ಮಾಡಿದ್ದೆ. ಅದಕ್ಕೆ ಅಡಾಪ್ಟರ್ ತರಲು ಸಿಂಧನೂರಿಗೆ ಹೋದಾಗ ಅಂಗಡಿಯವರು ಐದು ಆಂಪಿಯರಿನದನ್ನು ಮುಂದಿಟ್ಟರು.

“ಇದನ್ನ ಒಯ್ಯಿರಿ ಅಕ್ಕಾರ. ನಾಳೆ ಇನ್ನೊಂದು ಬಲ್ಬ್ ಹಚ್ಚತೀರಿ, ಆವಾಗ ಬೇಕಾಗತೈತಿ.”

“ನನ್ನ ಲೆಕ್ಕಕ್ಕ ಎರಡು ಸಾಕ್ರಿ,” ಎಂದೆ.

ಬಲ್ಬು, ಫ್ಯಾನು, ಬೋರ್ಡು ಎಲ್ಲ ಎಳೆಯುವ ಕರೆಂಟು ಕೂಡಿಸಿದರೆ ಎರಡು ಆಂಪಿಯರಿನ ಒಳಗೇ ಇತ್ತು, ಕೂದಲೆಳೆಯಷ್ಟು ಒಳಗೆ. ನನಗೆ ಬುದ್ಧಿ ಹೇಳಲು ಇವರ‍್ಯಾರು ಎಂಬ ಧಿಮಾಕು ಬೇರೆ.

ಪಕ್ಕದ ಮನೆಯ ಅಜ್ಜಿಯನ್ನು ಓಣಿಯವರೆಲ್ಲ ಖಾಲಾ ಎನ್ನುತ್ತೇವೆ. ಅವರಿಗೆ ಇದ್ದದ್ದು ಒಂದೇ ಕೋಳಿ. ಕಾವಿಗೆ ಕೂತ ಎಂಟನೇ ದಿನ ಅದನ್ನು ನಾಯಿ ಹಿಡಿಯಿತು. ಖಾಲಾ ಹನ್ನೊಂದು ತತ್ತಿಗಳನ್ನು ಸೆರಗಿನಲ್ಲಿಟ್ಟುಕೊಂಡು ನನ್ನ ಬಳಿ ಬಂದರು.

“ಅದರದು ಇನ್ನ ಇಷ್ಟೇ ಉಳದೈತಿ ಬೇಟಿ. ನಿನ್ನ ಮಷೀನು ಮರಿ ಮಾಡತೈತೇನು?”

“ನಿಮ್ಮ ಕೋಳಿಗಿಂತ ಚಲೋ ಮಾಡತೈತ್ರಿ,” ಎಂದುಬಿಟ್ಟೆ. ನನ್ನ ಬಾಯಿಗೆ ಬೆಂಕಿ ಹಾಕ.

ಕೋಳಿ ಕಾವಿಗೆ ಕೂತ ದಿನದಿಂದ ಎಣಿಸಿದರೆ ತತ್ತಿ ಒಡೆದು ಮರಿ ಬರುವುದು ಇಪ್ಪತ್ತೊಂದನೇ ದಿನ. ಹದಿನೆಂಟನೇ ದಿನ ಚಳಿ ಬಿದ್ದು ಶಾಖ ಇಳಿಯತೊಡಗಿದಾಗ ಮೂರನೇ ಬಲ್ಬು ಹಚ್ಚಿದೆ. ಲೆಕ್ಕವನ್ನು ಮತ್ತೆ ಮಾಡಲಿಲ್ಲ. ಇಪ್ಪತ್ತನೇ ದಿನ ಮಧ್ಯಾಹ್ನ ಸುಟ್ಟ ವಾಸನೆ ಬಂತು. ಅಡಾಪ್ಟರ್ ಮುಟ್ಟಿದರೆ ಕಾದ ಹಂಚು, ಪೆಟ್ಟಿಗೆ ಕತ್ತಲು. ಮನೆಯ ವೈಫೈ ಡಬ್ಬಿಯ ಅಡಾಪ್ಟರ್ ಕಿತ್ತು ಚುಚ್ಚಿದೆ. ಅದು ಇನ್ನೂ ಸಣ್ಣದು, ಬಲ್ಬುಗಳು ಒಮ್ಮೆ ಮಿಣುಕಿ ಆರಿದವು.

ಅದೇ ಹೊತ್ತಿಗೆ ದಿನದಂತೆ ತತ್ತಿ ನೋಡಲು ಖಾಲಾ ಬಂದರು.

“ಯಾಕ ಬೇಟಿ, ದೀಪ ಇಲ್ಲ?”

“ಕರೆಂಟ್ ಹೋಗೈತ್ರಿ ಖಾಲಾ. ಬ್ಯಾಟರಿ ತರತೀನಿ, ಈಗ ಬಂದೆ.”

ಸುಳ್ಳು ಹೇಳಿ, ಪೆಟ್ಟಿಗೆಗೆ ಕೌದಿ ಹೊದಿಸಿ ಓಡಿದೆ. ಲಿಂಗಸುಗೂರು ಕಡೆಯಿಂದ ಸಿಂಧನೂರಿಗೆ ಹೋಗುವ ಬಸ್ಸು ಸಿಕ್ಕಿತು. ದಾರಿಯಲ್ಲಿ ಕೈ ಎತ್ತಿದವರಿಗೆಲ್ಲ ನಿಲ್ಲುತ್ತಿತ್ತು. ಹತ್ತುವ ಒಬ್ಬೊಬ್ಬರ ಮೇಲೂ ಸಿಟ್ಟು ಬಂತು. ಬೋರ್ಡಿನ ಮೇಲೆ ಕೊನೆಗೆ ಕಂಡದ್ದು ಮೂವತ್ತೈದು ಡಿಗ್ರಿ. ಈಗ ಎಷ್ಟಕ್ಕೆ ಇಳಿದಿದೆಯೋ. ಒಳಗಿರುವುದು ಲೋಳೆಯಲ್ಲ, ಕಣ್ಣು, ಕೊಕ್ಕು ಮೂಡಿದ ಮರಿಗಳು.

ಅಂಗಡಿಯವರು ನನ್ನ ಮುಖ ನೋಡಿದವರೇ ಐದು ಆಂಪಿಯರಿನದನ್ನು ತೆಗೆದರು. “ಬಲ್ಬ್ ಹಚ್ಚಿದ್ರೇನ್ರಿ?”

“ಹೂಂನ್ರಿ.” ದುಡ್ಡು ಎಣಿಸಿ ಕೊಟ್ಟೆ.

ಮರಳಿ ಬಂದು ಕೌದಿ ಹುಡುಕಿದರೆ ಇಲ್ಲ. ಪೆಟ್ಟಿಗೆಯಲ್ಲಿ ಒಂದೂ ತತ್ತಿ ಇಲ್ಲ. ಪಕ್ಕದ ಮನೆಗೆ ಓಡಿದೆ. ಖಾಲಾ ಗೋಡೆಗೆ ಒರಗಿ ನನ್ನ ಕೌದಿ ಹೊದ್ದು ಕೂತಿದ್ದರು. ತತ್ತಿಗಳೆಲ್ಲ ಅವರ ಮಡಿಲಲ್ಲಿದ್ದವು. ಎದುರಿಗೆ ಟಿವಿ ಹಾಡುತ್ತಿತ್ತು.

“ಕರೆಂಟು ನಿನ್ನ ಮನ್ಯಾಗಷ್ಟೇ ಹೋಗಿತ್ತೇನು?” ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. “ಇಲ್ರಿ ಖಾಲಾ. ತಪ್ಪು ನಂದೇ. ಸಣ್ಣದು ತಂದಿದ್ದೆ, ಸುಟ್ಟು ಹೋತು.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಮಷೀನು ಇಲ್ಲೇ ತಾ. ಮೊದಲ ಖಾಲಿ ಹಚ್ಚು. ಒಂದು ತಾಸು ನೋಡೂಣು. ಆಮ್ಯಾಲೆ ತತ್ತಿ ಕೊಡತೀನಿ.”

ತಂದು ಹಚ್ಚಿದೆ. ಮೂರೂ ಬಲ್ಬು ಹತ್ತಿದವು. ಹೊಸ ಅಡಾಪ್ಟರಿನ ಮೇಲೆ ಅಂಗೈ ಇಟ್ಟುಕೊಂಡು ತಾಸು ಪೂರ್ತಿ ನೆಲದ ಮೇಲೆ ಕೂತೆ. ಉಗುರುಬೆಚ್ಚಗಿತ್ತು, ಅಷ್ಟೇ. ನಡುವೆ ಖಾಲಾ ಟಿವಿಯ ಸದ್ದು ಅಡಗಿಸಿ, ಒಂದು ತತ್ತಿ ಎತ್ತಿ ನನ್ನ ಕಿವಿಗೆ ಹಿಡಿದರು. ಒಳಗಿನಿಂದ ಸಣ್ಣಗೆ ಚುಂಯ್ ಎಂದಿತು. ನನಗೆ ಅಳು ತಡೆಯಲಾಗಲಿಲ್ಲ.

ತಾಸು ಮುಗಿದ ಮೇಲೆ ಖಾಲಾ ಒಂದೊಂದಾಗಿ ಹತ್ತು ತತ್ತಿ ಕೊಟ್ಟರು. ಚುಂಯ್ ಎಂದದ್ದನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡು ಕೌದಿ ಎಳೆದುಕೊಂಡರು. ಅದನ್ನೂ ಕೊಡಿ ಎಂದು ನಾನು ಕೇಳಲೂ ಇಲ್ಲ.