ಕಪಾಟಿನಲ್ಲಿ ಇಲ್ಲದ ಮುಖವಾಡ

ಗೆಳೆಯರೇ, ಇವತ್ತು ಮಧ್ಯಾಹ್ನ ಭದ್ರಾವತಿಯಿಂದ ಹಳೆಯ ದೆವ್ವದ ಸಿನಿಮಾದ ಕ್ಯಾಸೆಟ್ ಒಂದನ್ನು ಹಿಡಿದುಕೊಂಡು ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂದೆ. ಬೀಗ ತೆಗೆದು ಒಳಗೆ ಹೋದರೆ, ನನ್ನ ಸಂಗ್ರಹದ ಕಪಾಟಿನಲ್ಲಿ ರಬ್ಬರ್ ಮುಖವಾಡ ಇಲ್ಲ. ಹಲ್ಲು ಕಿರಿಯುವ, ಒಂದೇ ಕಣ್ಣಿನ ಮುಖವಾಡ ಅದು. ಕಪಾಟಿನ ಗಾಜು ಮುಚ್ಚಿಯೇ ಇತ್ತು.

ಬೆವರು ಕಿತ್ತುಕೊಂಡು ಬಂತು. ಗಾಳಿಗೆಂದು ಕಿಟಕಿ ತೆಗೆದೆ. ಎದುರಿಗೆ ಕಟ್ಟುತ್ತಿರುವ ಮನೆಯ ಮಹಡಿಯಿಂದ ಅದೇ ಮುಖ ನನ್ನನ್ನೇ ನೋಡುತ್ತಿತ್ತು. ಅದಕ್ಕೀಗ ಮೈ ಬಂದಿತ್ತು. ಅಂಗಿ, ಪ್ಯಾಂಟು ಹಾಕಿಕೊಂಡು ಮೆಲ್ಲಗೆ ತಲೆ ಅಲ್ಲಾಡಿಸಿತು.

ಕಿರುಚಿಕೊಂಡು ಬೀದಿಗೆ ಓಡಿದೆ. ಅಮ್ಮ ತರಕಾರಿ ಚೀಲ ಹಿಡಿದು ಬರುತ್ತಿದ್ದಳು.

"ಏನಾಯ್ತೇ ಮಾರಾಯ್ತಿ?"

ಬೆರಳು ತೋರಿಸಿದೆ.

"ಅದಾ? ಎದುರುಮನೆಯವ್ರು ದೃಷ್ಟಿಗೊಂಬೆಗೆ ಒಂದು ಮುಖ ಬೇಕಿತ್ತು ಅಂದ್ರು. ನಿನ್ನ ಹತ್ರ ಅಷ್ಟೊಂದಿದೆಯಲ್ಲ ಅಂತ ಕೊಟ್ಟೆ. ನೀನೇ ಹಿಂಗೆ ಹೆದರಿದ್ಮೇಲೆ ಆ ಮನೆಗೆ ಇನ್ಯಾರ ದೃಷ್ಟಿನೂ ತಾಗಲ್ಲ ಬಿಡು."

ಇಳಿಸಿಕೊಂಡು ಬರೋಣವೆಂದು ಮಹಡಿ ಹತ್ತಿದೆ. ಗೊಂಬೆಯ ಹಣೆಗೆ ಕುಂಕುಮ ಹಚ್ಚಿ, ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾರೆ.

ದೇಶವಿದೇಶದ ದೆವ್ವಗಳನ್ನೆಲ್ಲ ಕತ್ತಲಲ್ಲಿ ಒಬ್ಬಳೇ ಕೂತು ನೋಡಿದವಳು ನಾನು. ಆ ನಿಂಬೆಹಣ್ಣು ಮುಟ್ಟುವ ಧೈರ್ಯ ಮಾತ್ರ ಬರಲಿಲ್ಲ.