ಅಂಗಳ ಗುಡಿಸಿದವಳ ಮನೆ

ನಮ್ಮ ಗೋವಿನಕೋವಿಯ ಅಜ್ಜಮ್ಮ ತೀರಿಕೊಂಡ ಸುದ್ದಿ ತಿಳಿದದ್ದು ಸೋಮವಾರ ನಸುಕಿನಲ್ಲಿ. ಅವರ ಮೇಕೆಯ ಹೆರಿಗೆ ನೋಡಲು ಬಂದ ಪಶುಸಖಿ ಕರಿಬಸಮ್ಮ ಅಜ್ಜಮ್ಮನನ್ನು ಕೂಗಿ, ಒಳಗೆ ಹೋಗಿ ನೋಡಿದರೆ ಉಸಿರು ನಿಂತಿದೆ. ನಾವು ಹೋದಾಗ ಕರಿಬಸಮ್ಮನ ಕಣ್ಣಲ್ಲಿ ನೀರು, ಮಡಿಲಲ್ಲಿ ಆಗತಾನೆ ಹುಟ್ಟಿದ ಎರಡು ಮರಿ. "ಎರಡೂ ಹೆಣ್ಣು ರೀ! ಅಜ್ಜಿ ಒಂದು ಗಳಿಗೆ ತಡೀಬಾರ್ದಿತ್ತಾ?" ಎಂದು ಅಳುತ್ತಲೇ ನಗುತ್ತಾರೆ.

ಬಡವರಲ್ಲಿ ಬಡವರಿಗೆ ಒಂದು ಗಬ್ಬದ ಮೇಕೆ ಕೊಡುವ ಯೋಜನೆಯಲ್ಲಿ ಕರಿಬಸಮ್ಮ ದುಡಿಯುತ್ತಿದ್ದಾರೆ. ದಿನಕ್ಕೆ ಹದಿನೆಂಟು ಮನೆ, ಒಂಬತ್ತು ಕಿಲೋಮೀಟರು ನಡಿಗೆ. ಜಂತಿನ ಔಷಧಿ ಕುಡಿಸುತ್ತಾರೆ, ಗೊರಸು ನೋಡುತ್ತಾರೆ, ಮೇವಿನ ವಿಚಾರ ತಿಳಿಸುತ್ತಾರೆ. ನೇಮ ಒಂದೇ: ಮೊದಲ ಹೆಣ್ಣುಮರಿ ಮುಂದಿನ ಬಡಮನೆಗೆ ಸೇರಬೇಕು.

ಬಡವರು ಯಾರೆಂದು ಊರೇ ಗುರುತಿಸುತ್ತದೆ. ಮೂರು ವರ್ಷದ ಹಿಂದೆ ಊರ ಹೆಂಗಸರು ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರ ನಕ್ಷೆ ಬರೆದು, ತೀರಾ ಬಡವರ ಮನೆಗಳ ಮೇಲೆ ಹುಣಸೆಬೀಜ ಇಟ್ಟರು. ಎಲ್ಲ ಮುಗಿದ ಮೇಲೆ ಕರಿಬಸಮ್ಮ ಕೇಳಿದರು: "ಅಲ್ರವ್ವಾ, ಅಂಗಳ ಗುಡಿಸಿದಾಕಿ ಮನೆ ಎಲ್ಲೈತೆ?" ಕಸಬರಿಗೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಅಜ್ಜಮ್ಮನ ಗುಡಿಸಲನ್ನು ಯಾರೂ ಬರೆದೇ ಇರಲಿಲ್ಲ. ಕರಿಬಸಮ್ಮ ಬರೆದರು. ಹೆಂಗಸರೆಲ್ಲ ತಲೆ ತಗ್ಗಿಸಿ ಅಲ್ಲಿಗೇ ಬೀಜ ತಂದಿಟ್ಟರು.

ಹಾಗೆ ಸಿಕ್ಕ ಮೇಕೆಯ ಹೋತಮರಿಗಳನ್ನು ಮಾರಿ ಅಜ್ಜಮ್ಮ ಸೂರಿಗೆ ಶೀಟು ಹಾಕಿಸಿದರು, ಎರಡು ಹೊತ್ತು ಉಂಡರು. ಆದರೆ ಹುಟ್ಟಿದ್ದೆಲ್ಲ ಗಂಡು. ಸರದಿಯಲ್ಲಿ ಮುಂದಿದ್ದ, ಕೂಲಿ ಮಾಡುವ ಯಶೋಧರಾ ಹೆಣ್ಣುಮರಿಗಾಗಿ ಕಾದೇ ಕಾದರು. "ಯಶೋಧರಂಗೆ ಮರಿ ಕೊಡದೆ ನಾ ಸಾಯಾಕಿಲ್ಲ" ಎನ್ನುತ್ತಿದ್ದ ಅಜ್ಜಮ್ಮ ಮೇಕೆಯ ಕಿವಿ ಹಿಂಡುತ್ತಿದ್ದರು: "ಏ ಸೊಕ್ಕಿನಾಕಿ, ಮತ್ತೆ ಗಂಡು ಹಡೆದ್ರೆ ಮೇವಿಲ್ಲ ನೋಡು!"

ಸೂತಕದ ಮನೆಯ ಮರಿ ಈಗಲೇ ಬೇಡವೆಂದರು ಹಿರಿಯ ಹಾಲೇಶಪ್ಪ. ಕರಿಬಸಮ್ಮ ಬಿಡಲಿಲ್ಲ: "ಸೂತಕ ನಮಗೆ ಯಜಮಾನ್ರೇ, ಹಸಿದ ಮರಿಗಲ್ಲ." ಅಜ್ಜಮ್ಮನಿಗೆ ಹಿಂದೆಮುಂದೆ ಯಾರೂ ಇಲ್ಲ, ಮರಿಗಳನ್ನು ತಾಯಿಯಿಂದ ಅಗಲಿಸುವಂತಿಲ್ಲ. ಊರ ಹೆಂಗಸರ ಸಂಘದವರು ಒಪ್ಪಿ ಮೂರನ್ನೂ ಯಶೋಧರಾ ಮನೆಗೆ ಕಳಿಸಿದರು. ಹಾಲು ಬಿಟ್ಟ ಮೇಲೆ ಒಂದು ಮರಿ ಸವಳಂಗ ಊರಿನ ಒಂದು ಬಡಮನೆಗೆ ಹೋಗಲಿದೆ. ಇನ್ನೊಂದಕ್ಕೆ ಯಶೋಧರಾ ಆಗಲೇ ಹೆಸರಿಟ್ಟಿದ್ದಾರೆ. "ಬಾರಜ್ಜೀ, ಹಾಲು ಕುಡಿ ಬಾ!" ಎಂದು ಅವರು ಕರೆದರೆ ಕೇರಿಯೆಲ್ಲ ನಗುತ್ತದೆ.

ಕರಿಬಸಮ್ಮನ ಆಸೆಯೇನು? "ನಂದೇನು ಬರೀತೀರಿ ಬಿಡ್ರಿ. ಮುಂದಿನ ಸಲ ನಕ್ಷೆ ಹಾಕುವಾಗ ಅಜ್ಜಿಯಂಥೋರ ಮನೆ ಬಿಡಬ್ಯಾಡ್ರಿ, ಅಷ್ಟೇ."

ಶಿವನೇ, ನಿನ್ನ ಅಂಗಳದಲ್ಲೂ ಅಜ್ಜಮ್ಮನಿಗೊಂದು ಮನೆ ಬರೆದುಕೊಡು. ಕೈಗೆ ಕಸಬರಿಗೆ ಮಾತ್ರ ಕೊಡಬೇಡ. ದುಡಿದ ಜೀವ, ತಣ್ಣಗೆ ಕುಳಿತಿರಲಿ.